ಠಾಣೆಯೇ ಮನೆಗೆ ಬಂದ ದಿನ

೧೯೮೪ರ ಬೇಸಿಗೆ. ನಾನು ಅಫಜಲಪುರ ತಾಲ್ಲೂಕಿನ ಅತನೂರಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತಷ್ಟೇ. ಯಜಮಾನರು ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ನಾನು, ನಮ್ಮತ್ತೆ ಇಬ್ಬರೇ.

ಒಂದು ಮುಂಜಾನೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಓಣಿಯಲ್ಲಿ ಗದ್ದಲ ಕೇಳಿ ಬಗ್ಗಿ ನೋಡಿದರೆ, ಪಕ್ಕದ ಮನೆಯ ಟೇಲರ್ ಮೆಹಬೂಬಸಾಬರನ್ನು ಊರ ಗೌಡರ ತಮ್ಮ ಬಡಿಗೆಯಿಂದ ಬಡಿಯುತ್ತಿದ್ದ. ಹೊಲಿಯಲು ಕೊಟ್ಟ ಅಂಗಿ ತಡವಾಯಿತೆಂಬುದೇ ಸಿಟ್ಟು. ಹೊಲಿಯುವ ಬಲಗೈಯೇ ಮುರಿಯಿತು. ನಾನು ಚೀರಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಓಣಿಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು.

ಮೆಹಬೂಬಸಾಬರು ದೂರಿನಲ್ಲಿ ನನ್ನ ಹೆಸರು ಹೇಳಿದ್ದರಂತೆ. ಮರುದಿನ ಒಬ್ಬ ಪೊಲೀಸ ಬಂದು ಅತ್ತೆಗೆ, "ನಾಳಿ ನಿಮ್ಮ ಸೊಸೀನ ಠಾಣಾಕ್ಕ ಕರ್ಕೊಂಡು ಬರ್ರಿ" ಎಂದು ಹೇಳಿ ಹೋದ. ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದರೆ ಊರೆಲ್ಲ ಆಡಿಕೊಳ್ಳುವ ಕಾಲ ಅದು. "ನೀ ಏನೂ ನೋಡಿಲ್ಲ ಅಂದುಬಿಡ್ ಬೇ. ಅವ್ರ ಜೋಡಿ ನಮಗ್ಯಾಕ ಹಗೆತನ?" ಎಂದರು ಅತ್ತೆ.

ಮುಂಜಾನೆ ಸೆರಗು ಹೊದ್ದು ಹೊರಡುವಷ್ಟರಲ್ಲಿ ಬಾಗಿಲಿಗೆ ಒಬ್ಬ ಹುಡುಗ ಅಧಿಕಾರಿ ಬಂದು ನಿಂತರು. ತರಬೇತಿಯಲ್ಲಿದ್ದ ಸಬ್‌ ಇನ್ಸ್‌ಪೆಕ್ಟರ್‌ ಅಂತೆ.

"ಬರಬ್ಯಾಡ್ರಿ ಅಕ್ಕಾರ. ಸಾಕ್ಷಿ ಕೇಳಾಕ ಹೆಣ್ಮಕ್ಕಳನ್ನ ಠಾಣಾಕ್ಕ ಕರೆಸೂಹಂಗಿಲ್ಲ. ನಾವೇ ಮನಿಗೆ ಬರಬೇಕು, ಕಾಯ್ದೆ ಹಂಗದ. ಕರೆದದ್ದು ನಮ್ಮ ತಪ್ಪು."

ಪೊಲೀಸರ ಬಾಯಲ್ಲಿ 'ನಮ್ಮ ತಪ್ಪು' ಎಂಬ ಮಾತನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅವರು ಚಾಪೆಯ ಮೇಲೆ ಕೂತು ಬರೆಯಲು ಶುರುಮಾಡಿದರು. ಅಷ್ಟರಲ್ಲಿ ಗೌಡರ ತಮ್ಮ ನೆಟ್ಟಗೆ ಒಳಗೇ ಬಂದ. "ಸಾಹೇಬ್ರ, ಟೇಲರನೇ ಮೊದಲ ಕೈ ಎತ್ತಿದ ಅಂತ ಬರ್ಕೊಳ್ರಿ."

ಅಧಿಕಾರಿ ಎದ್ದು ನಿಂತರು. ದನಿ ಏರಿಸಲಿಲ್ಲ. "ನಿಮ್ಮ ಮಾತೂ ಕೇಳ್ತೇನ್ರಿ, ಆಮ್ಯಾಲ. ಈಗ ಈ ಅಕ್ಕಾರು ಹೇಳಾಕತ್ತಾರ. ಹೊರಗ ನಡೀರಿ."

ಅವನು ಹೋದ. ನಾನು ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದೆ. "ಹೆದರಬ್ಯಾಡ್ರಿ, ನೋಡಿದ್ದಷ್ಟೇ ಹೇಳ್ರಿ" ಎಂದರು. ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಧೈರ್ಯ ಬಂದು, "ಅವ ಕುಡಿದಿದ್ದನ್ರಿ" ಎಂದೂ ಸೇರಿಸಿದೆ.

"ನೀವು ಕಂಡೀರೇನು?"

"ಇಲ್ರಿ. ಮಂದಿ ಅಂತಾರ."

"ಹಂಗಾದ್ರ ಅದು ಬ್ಯಾಡ" ಎಂದು ನಕ್ಕರು. ಬರೆದದ್ದನ್ನು ಓದಿ ಹೇಳಿದರು. ಸಹಿ ಎಲ್ಲಿ ಮಾಡಲಿ ಎಂದರೆ, "ಇದಕ್ಕ ಸಹಿ ಬೇಕಾಗಿಲ್ರಿ. ಕೋರ್ಟಿನ್ಯಾಗ ನಿಮ್ಮ ಬಾಯಿಲೆ ಹೇಳೂದೇ ಖರೇ ಸಾಕ್ಷಿ" ಎಂದರು.

ಅವರು ಏಳುವಾಗ, ಗೋಡೆಗೆ ಒರಗಿ ನಿಂತಿದ್ದ ಅತ್ತೆ ಬಾಯಿ ಬಿಟ್ಟರು. "ಸಾಹೇಬ್ರ, ಕೂಡ್ರಿ. ನಂದೂ ಬರ್ಕೊಳ್ರಿ. ಬಾಗಲ ಸಂದ್ಯಾಗಿಂದ ನಾನೂ ನೋಡೀನಿ."

ನಾನು ಬೆರಗಾಗಿ ಅತ್ತೆಯ ಮುಖ ನೋಡಿದೆ. ಅವರು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತರು.

ಕೋರ್ಟಿಗೂ ಇಬ್ಬರೂ ಜೊತೆಯಾಗಿಯೇ ಹೋದೆವು. ಗೌಡರ ತಮ್ಮನಿಗೆ ಶಿಕ್ಷೆಯಾಯಿತು. ಮೆಹಬೂಬಸಾಬರ ಕೈ ಕೂಡಿಬಂತು, ಮಷೀನು ಮತ್ತೆ ಸದ್ದು ಮಾಡಿತು. ಆ ಅಧಿಕಾರಿ ತರಬೇತಿ ಮುಗಿಸಿ ಎಲ್ಲಿಗೆ ಹೋದರೋ, ಮತ್ತೆ ಕಾಣಲಿಲ್ಲ. ಕಾಯ್ದೆಯೆಂದರೆ ದೊಡ್ಡವರ ಕೈಯ ಬಡಿಗೆ ಎಂದುಕೊಂಡಿದ್ದ ನನಗೆ, ಅದು ನಮ್ಮಂಥವರ ಬೆನ್ನಿಗೂ ನಿಲ್ಲುತ್ತದೆಂದು ತೋರಿಸಿಕೊಟ್ಟವರು ಅವರು. ಎಲ್ಲಿದ್ದರೂ ಚೆನ್ನಾಗಿರಲಿ.