ಒಳ್ಳೆಯ ಬಾವಿಗೆ ಕೆಂಪು ಬೋರ್ಡು

ಆ ಬಾಟಲಿಯಲ್ಲಿದ್ದದ್ದು ಬಾವಿಯ ನೀರಲ್ಲ. ಬಾವಿಯ ಪಕ್ಕದ ಕಲ್ಲುಬಾನಿಯ ನೀರು, ದನಗಳು ಮೂತಿ ಅದ್ದಿ ಕುಡಿಯುವಂಥದ್ದು. ತುಂಬಿದವಳು ನಾನೇ. ಒಮ್ಮೆಯಲ್ಲ, ಎರಡು ಸಲ. ತಿಳಿಯದೆ ಆಯಿತೆಂದು ಹೇಳುವ ದಾರಿಯನ್ನು ಆ ಎರಡನೆಯ ಸಲ ಮುಚ್ಚಿಬಿಟ್ಟಿದೆ.

ವಳಸಂಗದಿಂದ ತುಸು ಆಚೆಗಿರುವ ನಮ್ಮೂರಿನ ನೀರಿನ ಸಮಿತಿಯಲ್ಲಿ ನಾನಿದ್ದೆ. ಬಾವಿ, ನಳಗಳ ನೀರಿನ ಮಾದರಿ ತುಂಬಿ ನಮ್ಮ ತಾಲೂಕಿನ ಊರಾದ ಜತ್ತಿಗೆ ಪರೀಕ್ಷೆಗೆ ಕಳಿಸುವುದು ನನ್ನ ಕೆಲಸ. ಬಾಟಲಿಯ ಬಾಯಿಗೆ ಬೆರಳು ತಾಗಬಾರದು, ಮುಚ್ಚಳ ನೆಲಕ್ಕಿಡಬಾರದು — ಎಲ್ಲ ಕಲಿಸಿದ್ದರು. ಊರು ನನ್ನನ್ನು ನಂಬಿತ್ತು.

ಆ ಬಾವಿಯ ಕೆಳಗೇ ನಮ್ಮ ಹೊಲ. ಅಲ್ಲಿ ಬೋರ್ ಹಾಕಿಸಬೇಕೆಂದು ನಮ್ಮ ಮನೆಯವರಿಗೆ ಬಹಳ ಆಸೆ. ನನಗೂ ಇತ್ತು, ಅವರೊಬ್ಬರ ತಲೆಗೆ ಕಟ್ಟುವುದಿಲ್ಲ. ಪಂಚಾಯಿತಿಯ ದಾಖಲೆ ನೋಡಿಕೊಳ್ಳುವ ಗ್ರಾಮಸೇವಕರನ್ನು ಕೇಳಿದಾಗ ಅವರು ಒಪ್ಪಲಿಲ್ಲ.

“ಅದು ಊರ ಕುಡಿಯೂ ನೀರಿನ ಬಾವಿ ಅಂತ ದಾಖಲ್ ಐತ್ರಿ. ಐದ್ನೂರು ಮೀಟರ್ ಒಳಗ ಪರವಾನಗಿ ಇಲ್ದ ಬೋರ್ ಹೊಡಿಯಾಕ ಬರೂದಿಲ್ಲ, ಕಾಯ್ದೆ ಐತಿ. ಕುಡಿಯಾಕ ಅಲ್ಲ ಅಂತಾದ್ರ ಮಾತು ಬ್ಯಾರೆ.”

ಆ ಕೊನೆಯ ಮಾತನ್ನು ಅವರು ಸುಮ್ಮನೆ ಆಡಿದ್ದರು. ನಾನು ಅದನ್ನು ಮನೆಗೆ ತಂದೆ, ಉಣ್ಣುವಾಗ ನೆನೆದೆ, ಆಮೇಲೆ —

ಮೊದಲ ವರದಿ ಬಂತು: ಕುಡಿಯಲು ಯೋಗ್ಯವಲ್ಲ. ಬಾವಿಗೆ ಔಷಧ ಹಾಕಿ ಮತ್ತೊಮ್ಮೆ ಮಾದರಿ ಕಳಿಸಿ ಎಂದರು. ಮತ್ತೊಮ್ಮೆಯೂ ಬಾಟಲಿಯನ್ನು ಬಾನಿಯಲ್ಲೇ ಅದ್ದಿದೆ. ಬಾವಿ ಕುಡಿಯುವ ನೀರಿನ ಪಟ್ಟಿಯಿಂದ ಹೊರಬಿತ್ತು. ಕಟ್ಟೆಯ ಮೇಲೆ ಕೆಂಪು ಬೋರ್ಡು ಬಂತು. ನಮ್ಮ ಹೊಲದಲ್ಲಿ ಬೋರ್ ಬಿತ್ತು, ನೀರೂ ಬಿತ್ತು.

ಆದರೆ ಒಳ್ಳೆಯ ಬಾವಿ ಕೆಟ್ಟರೆ ಊರು ಸುಮ್ಮನಿರುವುದಿಲ್ಲ. ಕೆಡಿಸಿದವರಾರು ಎಂದು ಹುಡುಕತೊಡಗಿತು. ಬಟ್ಟೆ ಒಗೆಯುವವರ ಮೇಲೆ ಒಂದು ಕಣ್ಣು, ಸಂಡಾಸು ಕಟ್ಟಿಸಿದವರ ಮೇಲೆ ಇನ್ನೊಂದು. ಯಾರಾದರೂ ಬಾನಿಯ ಕಡೆ ನೋಡಿಯಾರೆಂದು ನನಗೆ ಭಯ. ಗ್ರಾಮಸಭೆಯಲ್ಲಿ ಸರಪಂಚರು ನನ್ನನ್ನೇ ಕೇಳಿದರು. ನಾನೆಂದೆ:

“ನಾ ಯಾರ ಹೆಸರೂ ಹೇಳೂದಿಲ್ರಿ. ಆದ್ರ ಕುರಿ ಹಟ್ಟಿ ಬಾವಿಗಿ ಭಾಳ ಸಮೀಪ ಐತಿ.”

ಬಾವಿಯ ಹತ್ತಿರ ಇದ್ದದ್ದು ಒಂದೇ ಹಟ್ಟಿ, ಬೀರವ್ವನದು. ಮದುವೆಯಾಗಿ ಈ ಊರಿಗೆ ಬಂದಾಗ ಅದೇ ಬಾವಿಯಲ್ಲಿ ಕೊಡ ಮುಳುಗಿಸಿ ಜಗ್ಗುವುದನ್ನು ನನಗೆ ಕಲಿಸಿದವಳು ಅವಳು.

ಮರುದಿನದಿಂದಲೇ ಊರು ಬದಲಾಯಿತು. ಹೊಲಕ್ಕೆ ಅವಳ ಕುರಿಗಳ ಗೊಬ್ಬರವೇನೋ ಬೇಕಿತ್ತು. ಅವಳ ಮನೆಯ ಚಹಾ ಬೇಡವಾಯಿತು. ಹಟ್ಟಿಯನ್ನು ಊರಾಚೆ ಸರಿಸಬೇಕಾಯಿತು. ಅವಳು ಜಗಳವಾಡಲಿಲ್ಲ. ಬೆಳಗಾದರೆ ಬಂದು ಎಲ್ಲರೆದುರು ಆ ಬಾವಿಯ ನೀರು ಸೇದಿ ಕುಡಿಯುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ, ಬೋರ್ಡು ನೋಡಿಲ್ಲವೇನು ಎಂದು.

“ನೋಡೇನ್ರಿ ಅಕ್ಕಾರ. ನಮ್ಮ ಕುರಿ ಕೆಡಿಸ್ಯಾವಂದ್ರ ಮೊದಲ ನನಗ ಆಗ್ಲಿ. ಊರು ನೋಡ್ಲಿ.”

ಬಾಯಿ ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು. ಇವಳಿಗೆ ಗೊತ್ತಿದೆ — ಅಂದಿನಿಂದ ನನಗೆ ಅದೊಂದೇ ಸಂಶಯ. ಅವಳು ನಕ್ಕರೆ ಯಾಕೆ ನಕ್ಕಳೆಂದು, ಸುಮ್ಮನಿದ್ದರೆ ಏನು ಬಚ್ಚಿಟ್ಟುಕೊಂಡಿದ್ದಾಳೆಂದು. ತಪ್ಪು ಮಾಡಿದವಳು ನಾನು, ಕಾವಲು ಕಾದದ್ದು ಅವಳನ್ನು.

ಇನ್ನೊಂದು ಮಾತಿದೆ. ಕುಡಿಯುವ ಬಾವಿಯೆಂದು ದಾಖಲೆಯಲ್ಲಿರುವತನಕ ಬ್ಲೀಚಿಂಗ್ ಪುಡಿ ಬೀಳುತ್ತದೆ, ಪರೀಕ್ಷೆ ನಡೆಯುತ್ತದೆ, ಹೂಳು ತೆಗೆಯುತ್ತಾರೆ. ಪಟ್ಟಿಯಿಂದ ಹೊರಬಿದ್ದ ಬಾವಿಯನ್ನು ಕೇಳುವವರಿಲ್ಲ. ಇದು ನನಗೆ ಗೊತ್ತಿತ್ತು. ಅವಳು ಕುಡಿಯುತ್ತಿರುವುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಬೀರವ್ವನಿಗೆ ಕಾಮಾಲೆಯಾಯಿತು. ಜತ್ತಿನ ದವಾಖಾನೆಯಲ್ಲಿ ಅವಳು ಮಲಗಿದ್ದಾಗ ಊರೆಲ್ಲ ಒಂದೇ ಮಾತು: “ನೋಡಿದ್ರಿಲ್ಲೋ? ಆಕಿ ಕುರಿನ ಕೆಡಿಸಿದ್ದು.” ಬದುಕಿಕೊಂಡಳು, ಆದರೆ ಕುರಿಗಳ ಹಿಂದೆ ತಿರುಗುವ ಕಸುವು ಉಳಿಯಲಿಲ್ಲ. ಸೊರಡಿಯಲ್ಲಿದ್ದ ಅಣ್ಣನ ಮನೆಗೆ ಹೋದಳು.

ವರ್ಷಗಳು ಹೋದವು. ಕೊನೆಗೂ ಈ ಬೇಸಿಗೆಯಲ್ಲಿ ಸೊರಡಿಗೆ ಹೋದೆ. ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. “ಬರ್ರಿ ಅಕ್ಕಾರ, ಕುಂದ್ರಿ” ಎಂದಳು. ಕೂರದೆ ಎಲ್ಲ ಹೇಳಿಬಿಟ್ಟೆ. ಅವಳ ಕೈ ನಿಂತಿತು.

“ನನಗ ಸಂಶೆ ಇತ್ರಿ,” ಎಂದಳು.

“ಮತ್ತ ಯಾಕ ಕೇಳಲಿಲ್ಲ?”

“ನಿಮ್ಮ ಮ್ಯಾಲ ಸಂಶೆ ಪಡಾಕ ನನಗ ನಾಚಿಕಿ ಆಗ್ತಿತ್ತು.”

ನಾನು ಅಳತೊಡಗಿದೆ. ಅವಳು ಸಮಾಧಾನ ಹೇಳಲಿಲ್ಲ. “ನನಗ ಹೇಳಿ ಏನ್ ಮಾಡ್ತೀರಿ? ಕುರಿ ಹಟ್ಟಿ ಅಂತ ಎಲ್ಲಿ ಅಂದಿದ್ರಿ, ಅಲ್ಲಿ ಹೇಳ್ರಿ,” ಎಂದು ಮತ್ತೆ ಉಣ್ಣೆ ಎತ್ತಿಕೊಂಡಳು.

ಗ್ರಾಮಸಭೆಯಲ್ಲಿ ಹೇಳಿದೆ. ನಮ್ಮ ಮನೆಯವರು ತಲೆ ತಗ್ಗಿಸಿ ಕೂತಿದ್ದರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ, ನಂಬದಿರುತ್ತಾರೆಂದು ಎಣಿಸಿರಲಿಲ್ಲ. “ಆಕಿ ಮಂದಿ ಬಂದು ಕಾಲು ಹಿಡದಿರಬೇಕು,” ಎಂದರು ಒಬ್ಬ ಹಿರಿಯರು. “ಇದ್ರಾಗ ಈಗ ಇವರಿಗಿ ಏನ್ ಫಾಯ್ದೆ ಐತೋ,” ಎಂದಿತು ಹಿಂದಿನಿಂದ ಒಂದು ದನಿ. ಹೊಸದಾಗಿ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿದೆ. ಬೇರೊಬ್ಬ ಹೆಂಗಸು ಎಲ್ಲರ ಕಣ್ಣೆದುರು ಬಾವಿಗೇ ಬಾಟಲಿ ಇಳಿಸಿ ನೀರು ತುಂಬಿದಳು. ವರದಿ ಬಂತು: ಕುಡಿಯಲು ಯೋಗ್ಯವಲ್ಲ. ಇಷ್ಟು ವರ್ಷ ಯಾರೂ ಕಣ್ಣೆತ್ತಿ ನೋಡದ ಬಾವಿಯಲ್ಲವೇ — ನನ್ನ ಸುಳ್ಳು ಈಗ ನಿಜವಾಗಿ ಕೂತಿದೆ.

ಸಮಿತಿ ಬಿಟ್ಟಿದ್ದೇನೆ. ಬೋರ್ ಮುಚ್ಚಿಸಿ ಎಂದು ಮನೆಯವರಿಗೆ ಹೇಳಿದೆ. ನೀರು ಹೊಲಕ್ಕೆ ಹರಿಯುತ್ತಲೇ ಇದೆ. ಮುಂದಿನ ಗ್ರಾಮಸಭೆಯಲ್ಲಿ ಮತ್ತೆ ಎದ್ದು ಇದನ್ನೇ ಹೇಳುತ್ತೇನೆ, ಅದರ ಮುಂದಿನದರಲ್ಲೂ. ನಂಬುವುದು ಅವರಿಗೆ ಬಿಟ್ಟದ್ದು.

ಬೀರವ್ವ ಸೊರಡಿಯಲ್ಲೇ ಇದ್ದಾಳೆ. ತಿರುಗಿ ಬಾ ಎಂದು ಕರೆಯಲು ಹೋಗಿಲ್ಲ. ಯಾವ ನೀರಿಗೆ ಕರೆಯಲಿ?