ಆಕಾಶ ಒರೆಸುವ ಗಾಜಿನಕ್ಕ

ಬೆಳಗಿನ ಆರೂಕಾಲು. ವೀಕ್ಷಣಾಲಯದ ಹಿಂಬದಿಯ ಕೋಣೆಯಲ್ಲಿ ಗಾಜಿನಕ್ಕ ಒಂದು ಗಾಜಿನ ಫಲಕವನ್ನು ಕಿಟಕಿಗೆ ಓರೆಯಾಗಿ ಹಿಡಿದಿದ್ದಾರೆ. ಎಳೆಬಿಸಿಲಿನಲ್ಲಿ ಒಂದು ಮೈ ಮಿಂಚುತ್ತದೆ, ಇನ್ನೊಂದು ಮಂಕು. ಮಂಕು ಮೈಯಲ್ಲಿರುವುದು ಹಳೆಯ ಆಕಾಶದ ಚಿತ್ರ. ನಕ್ಷತ್ರಗಳೆಲ್ಲ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಅದಕ್ಕೆ ಮೆತ್ತನೆಯ ಕುಂಚ ಮಾತ್ರ. ಒದ್ದೆ ಬಟ್ಟೆ ಏನಿದ್ದರೂ ಮಿಂಚುವ ಮೈಗೆ.

"ಸೇರಿದ ಮೊದಲ ವಾರ ಮೈ ಅದಲುಬದಲಾಗಿ ಉಜ್ಜಿಬಿಟ್ಟೆ. ನಾಲ್ಕು ನಕ್ಷತ್ರ ನುಂಗಿದ್ದೀನಿ. ಅವತ್ತಿಂದ ಬಿಸಿಲು ಹೇಳಿದ್ದನ್ನ ಮಾತ್ರ ನಂಬೋದು."

ದೂರದರ್ಶಕದಲ್ಲಿ ಹಿಂದೆ ತೆಗೆದ ಈ ಫಲಕಗಳನ್ನು ಸ್ಕ್ಯಾನ್ ಮಾಡುವ ಮುಂಚೆ ಶುಚಿಗೊಳಿಸುವುದು ಹನ್ನೊಂದು ವರ್ಷಗಳಿಂದ ಇವರ ಕೆಲಸ. ಅದಕ್ಕೂ ಮೊದಲು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು. ಗಾಜು ಒರೆಸುವ ಸ್ಪಿರಿಟ್ಟಿಗೆ ಬೆರಳ ತುದಿ ಬಿರಿದಿದೆ. ಮನೆಯಲ್ಲಿ ಅತ್ತೆಯ ಕುಟುಕು ಬೇರೆ: "ಮನೆ ಕಿಟಕಿ ನೋಡಿ, ಹೊರಗೆ ಹಗಲೋ ರಾತ್ರಿಯೋ ತಿಳಿಯಲ್ಲ. ಇವಳು ಆಕಾಶ ಒರೆಸೋಕೆ ಹೋಗ್ತಾಳಂತೆ!"

ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು. ಬೂಷ್ಟು ಹಿಡಿದ 612 ಫಲಕಗಳನ್ನು ಕಚೇರಿ ಕಸಕ್ಕೆ ಹಾಕುವ ಪಟ್ಟಿಗೆ ಸೇರಿಸಿದೆ. ಪಟ್ಟಿ ಬಂದಾಗ ಉಳಿದಿದ್ದದ್ದು ಇಪ್ಪತ್ತೈದು ದಿನ. ದಿನಕ್ಕೆ ಹದಿನೆಂಟು ಫಲಕ ಅವರ ರೂಢಿ. ಕಸಕ್ಕೆ ಹೋಗುವ ಮುನ್ನ ಎಲ್ಲವನ್ನೂ ಒರೆಸಿ ನೋಡಲು ಅದು ಸಾಲದೆಂದು ಎರಡು ಗಂಟೆ ಮೊದಲೇ ಬಂದು ಇಪ್ಪತ್ತೈದಕ್ಕೆ ಏರಿಸಿದ್ದಾರೆ.

ಈ ಹಠಕ್ಕೆ ಕಾರಣ, ಹೋದ ವರ್ಷ ಇಂಥದೇ ಬೂಷ್ಟು ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕಲೆ. ಎಷ್ಟು ಕುಂಚ ಆಡಿಸಿದರೂ ಹೋಗಲಿಲ್ಲ. ವೀಕ್ಷಣಾಲಯದ ಸಂಶೋಧಕಿಯೊಬ್ಬಳಿಗೆ ತೋರಿಸಿದರೆ ಆಕೆ ಕುರ್ಚಿ ಬಿಟ್ಟೆದ್ದಳು: "ಅಕ್ಕಾ, ಒರೆಸಬೇಡಿ! ಇದು ಧೂಮಕೇತು!"

ಐವತ್ತು ವರ್ಷದ ಹಿಂದೆ ಆರು ವಾರ ಕಂಡು ಮಾಯವಾದ ಧೂಮಕೇತು ಅದು. ಫಲಕ ಅದಕ್ಕೂ ಎಂಟು ತಿಂಗಳು ಆಮೇಲಿನದು. ಮರೆಯಾದ ಮೇಲೂ ಅದು ಎಲ್ಲಿತ್ತೆಂದು ತೋರಿಸಿದ ಆ ಒಂದು ಕಲೆಯಿಂದ ಅದರ ದಾರಿಯ ಲೆಕ್ಕ ಖಚಿತವಾಯಿತು. ಸೂರ್ಯನ ಹಿಡಿತ ಸಡಿಲಾಗುವ ದೂರದ ಅಂಚಿನಲ್ಲಿ ಮಂಜಿನ ಗಡ್ಡೆಗಳು ಅಲೆಯುತ್ತಿರುತ್ತವೆ. ಇಡೀ ಕ್ಷೀರಪಥದ ಸೆಳೆತ, ಹಾದುಹೋಗುವ ನಕ್ಷತ್ರಗಳ ಸೆಳೆತ ಅವನ್ನು ಅಲುಗಿಸುತ್ತವೆ. ಕೆಲವು ದಾರಿ ಬದಲಿಸಿ ನಮ್ಮ ಕಡೆ ಬೀಳುತ್ತವೆ. ಈ ಧೂಮಕೇತು ಹಾಗೆ ಬಂದದ್ದು.

"ಅತ್ತೆಗೂ ತಿಳಿಸಿ ಹೇಳ್ದೆ," ಎಂದು ಗಾಜಿನಕ್ಕ ನಗುತ್ತಾರೆ. "ಊರಾಚೆ ಮನೆ ಇರೋರಿಗೆ ಯಜಮಾನನ ಕೂಗು ಕೇಳಲ್ಲ, ದಾರಿಹೋಕರು ಕರೆದ್ರೆ ಎದ್ದು ಹೋಗ್ತಾರೆ."

ಇವತ್ತು ಹನ್ನೊಂದನೆಯ ದಿನ. ಒಂಬತ್ತು ಗಂಟೆಗೆ ಮೇಲ್ವಿಚಾರಕರು ಕಸದ ಪಟ್ಟಿಯ ಒಪ್ಪಿಗೆ ಕಾಗದ ಹಿಡಿದು ಬರುತ್ತಾರೆ.

"ಒಂದು ಸಹಿ ಹಾಕಿಬಿಡಿ ಅಮ್ಮಾ. ಸುಮ್ನೆ ಯಾಕೆ ಒದ್ದಾಡ್ತೀರಿ?"

ಗಾಜಿನಕ್ಕ ಕೈ ಒರೆಸಿಕೊಂಡು ಓದುತ್ತಾರೆ. "‘ಎಲ್ಲವನ್ನೂ ಪರಿಶೀಲಿಸಲಾಗಿದೆ’ ಅಂತಿದೆ ಸರ್. ನಾನು ನೋಡಿರೋದು ಇನ್ನೂರ ಐವತ್ತೊಂಬತ್ತು."

"ಉಳಿದಿದ್ರಲ್ಲೆಲ್ಲ ಧೂಮಕೇತು ಕೂತಿರುತ್ತಾ?"

"ಇರಲಿಕ್ಕಿಲ್ಲ ಸರ್," ಎಂದು ಕಾಗದ ಹಿಂದಕ್ಕೆ ಕೊಡುತ್ತಾರೆ. "ಇಲ್ಲ ಅನ್ನೋದನ್ನೂ ನೋಡೇ ಹೇಳ್ತೀನಿ."