ಮೊದಲ ನೀರು

ಅಪ್ಪ ತೀರಿಕೊಂಡ ಮೇಲೆ ಇಂದೂರಿನ ಮನೆಗೆ ಮಾತಾಡಿಸಲು ಬಂದವರೆಲ್ಲ ಒಂದು ಪ್ರಶ್ನೆ ಕೇಳುತ್ತಿದ್ದರು, ಕಡೆಗೆ ಬಾಯಲ್ಲಿ ಏನಾದರೂ ಹೋಯಿತೇ ಎಂದು. ಬಾಯಲ್ಲಿ ಹೋಗಲಿಲ್ಲ, ಮೂಗಿನಿಂದ ಹೋಯಿತು ಎಂದು ನಾನು ಹೇಳಿದರೆ ಅವರ ಮುಖ ಸಪ್ಪಗಾಗುತ್ತಿತ್ತು. ಪಕ್ಕದಲ್ಲಿ ಕೂತ ಅವ್ವ ಮಾತ್ರ, "ಚಲೋ ಊಟ ಮಾಡ್ಯಾರ" ಎನ್ನುತ್ತಿದ್ದಳು. ಸಮಾಧಾನಕ್ಕೆ ಹಾಗೆ ಹೇಳುತ್ತಾಳೆ ಎಂದು ಬಂದವರು ತಿಳಿದುಕೊಂಡರು. ಅವಳು ನಿಜವನ್ನೇ ಹೇಳುತ್ತಿದ್ದಳು. ಅದು ಹೇಗೆಂದು ಬರೆಯುತ್ತಿದ್ದೇನೆ.

ಅಪ್ಪನಿಗೆ ಲಕ್ವಾ ಹೊಡೆದದ್ದು ಭತ್ತದ ನಾಟಿ ಮುಗಿದ ವಾರದಲ್ಲಿ. ಬಲಗೈ, ಬಲಗಾಲು, ಮಾತು ಒಟ್ಟಿಗೇ ಹೋದವು. ಮುಂಡಗೋಡಿನ ಡಾಕ್ಟರು ಹುಬ್ಬಳ್ಳಿಗೆ ಒಯ್ಯಿರಿ ಎಂದರು. ನಾನು ಹಳಿಯಾಳದ ಗಂಡನ ಮನೆಯಿಂದ ಬಂದು ಮುಟ್ಟುವ ಹೊತ್ತಿಗೆ ಅಪ್ಪ ಐಸಿಯು ಒಳಗಿದ್ದ. ಅವ್ವ ಹೊರಗಿನ ಬೆಂಚಿನ ಮೇಲೆ ಅಪ್ಪನ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಕೂತಿದ್ದಳು. ಸ್ಕ್ಯಾನಿಂಗಿಗೆ ಒಯ್ಯುವಾಗ ಮೈಮೇಲೆ ಲೋಹ ಇರಬಾರದೆಂದು ಅದನ್ನು ಕೊರಳಿನಿಂದ ಬಿಚ್ಚಿ ಕೊಟ್ಟಿದ್ದರಂತೆ. ಕರಡಿಗೆಯೊಳಗೆ ಅಪ್ಪನ ಇಷ್ಟಲಿಂಗ. ಅವಳ ಕೊರಳಲ್ಲಿ ಅವಳ ಲಿಂಗ ಇತ್ತು. ಒಬ್ಬರದನ್ನು ಇನ್ನೊಬ್ಬರು ಕಟ್ಟಿಕೊಳ್ಳುವ ಹಾಗಿಲ್ಲ, ನೆಲಕ್ಕೆ ಇಡುವ ಹಾಗಿಲ್ಲ. ಚಹಾ ಕುಡಿ ಎಂದು ಕಪ್ಪು ಹಿಡಿದರೆ ಕೈ ಖಾಲಿ ಇಲ್ಲ ಎಂದಳು.

ಮರುದಿನ ಡಾಕ್ಟರು ನಮ್ಮನ್ನು ಕರೆದು ಕೂರಿಸಿ ಹೇಳಿದರು. ಅಪ್ಪನಿಗೆ ನುಂಗುವ ಶಕ್ತಿ ಹೋಗಿದೆ, ಬಾಯಿಂದ ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಮೂಗಿನಿಂದ ಹೊಟ್ಟೆಯವರೆಗೆ ತೆಳುವಾದ ಒಂದು ನಳಿಗೆ ಹಾಕಿ ಅದರಲ್ಲೇ ಆಹಾರ ಬಿಡಬೇಕು. ಮೊದಲು ಸ್ವಲ್ಪ, ಹೊಟ್ಟೆ ತಡೆದುಕೊಂಡರೆ ದಿನದಿನಕ್ಕೆ ಹೆಚ್ಚು. ಬೆಳಿಗ್ಗೆ ಆರಕ್ಕೆ ಶುರು, ಆಮೇಲೆ ಮೂರು ತಾಸಿಗೊಮ್ಮೆ, ರಾತ್ರಿ ಹೊಟ್ಟೆಗೆ ವಿಶ್ರಾಂತಿ. ತಡ ಮಾಡಿದಷ್ಟೂ ಮೈ ಸೋಲುತ್ತದೆ ಎಂದರು.

ಅವ್ವ ಒಂದೇ ಕೇಳಿದಳು. ಮೈ ಒರೆಸುವುದು ಯಾವಾಗ ಎಂದು. ಎಂಟು ಗಂಟೆಯ ಸುಮಾರಿಗೆ ಎಂದರು.

"ಹಂಗಾದ್ರ ಬ್ಯಾಡ್ರಿ" ಎಂದಳು ಅವ್ವ.

ನಳಿಗೆಯ ಹೆದರಿಕೆ ಎಂದುಕೊಂಡು ಡಾಕ್ಟರು, ನೋವಾಗುವುದಿಲ್ಲ ಎಂದು ಮತ್ತೊಮ್ಮೆ ವಿವರಿಸಿದರು. ನಾನೂ ಹಾಗೇ ತಿಳಿದಿದ್ದೆ. ಅವಳು ತಲೆ ತಗ್ಗಿಸಿಕೊಂಡು ನಿಧಾನಕ್ಕೆ ಹೇಳಿದಳು, ಜಳಕ ಆಗಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಆಗದೆ ಅವರು ಎಂದೂ ನೀರು ಸಹ ಕುಡಿದವರಲ್ಲ ಎಂದು. ಅದು ನನಗೆ ಗೊತ್ತಿದ್ದದ್ದೇ. ನಾಟಿಯ ದಿನಗಳಲ್ಲೂ ಆಳುಗಳೆಲ್ಲ ರೊಟ್ಟಿ ತಿಂದು ಗದ್ದೆಗೆ ಇಳಿದ ಮೇಲೆ ಅಪ್ಪ ಪೂಜೆ ಮುಗಿಸಿ ಬರುತ್ತಿದ್ದ. ಆದರೆ ಆಸ್ಪತ್ರೆಯಲ್ಲಿ ಅದು ನನ್ನ ನೆನಪಿಗೇ ಬಂದಿರಲಿಲ್ಲ.

ಸಲೈನು ಆಗಲೇ ಹೋಗಿದೆಯಲ್ಲ ಎಂದರು ಡಾಕ್ಟರು.

"ಅದು ರಕ್ತಕ್ಕ ಹೋಗೇತ್ರಿ. ಹೊಟ್ಟಿಗಿ ಹೋಗಿಲ್ಲ."

ಹೊರಗೆ ಬಂದ ಮೇಲೆ ನಾನು ಅವಳ ಮೇಲೆ ಸಿಟ್ಟಾದೆ. ಅಪ್ಪ ಉಪವಾಸ ಬೀಳಬೇಕೇನು ಎಂದೆ.

"ಊಟ ಬ್ಯಾಡ ಅಂದೀನೇನ ನಾ? ನಾಳೆ ಎದ್ದು ಕುಂತು ಕೇಳಿದ್ರ ಏನ್ ಹೇಳ್ಲಿ? ನಿಮಗ ಎಚ್ಚರ ಇರಲಿಲ್ರಿ, ಅದಕ್ಕ ನಿಮ್ಮ ನೇಮ ಮುರದ್ವಿ ಅನ್ಲಿ?"

ಹಾಗಾದರೆ ಅವನ ಹೆಸರಲ್ಲಿ ನಾನು ಪೂಜೆ ಮಾಡುತ್ತೇನೆ ಎಂದೆ. ಅವಳು ನನ್ನನ್ನೇ ನೋಡಿದಳು. "ನಿನ್ನ ರೊಟ್ಟಿ ನಾ ತಿಂದ್ರ ನಿನ್ನ ಹೊಟ್ಟಿ ತುಂಬತೈತೇನ? ಅವರ ಲಿಂಗ ಅವರ ಅಂಗೈಯಾಗ ಇರಬೇಕು."

ದಾರಿ ಹುಡುಕಿದ್ದು ಒಬ್ಬ ಸಿಸ್ಟರು. ಜೋಯಿಡಾ ಕಡೆಯ ಕುಂಬಾರವಾಡದವಳು, ಮನೆಮಾತು ಕೊಂಕಣಿ. ಅವ್ವನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ನಮ್ಮ ಪೂಜೆ ಅವಳಿಗೆ ಗೊತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, "ಮಾವಶಿ, ಆರರ ಊಟ ಬದಲಿ ಮಾಡಾಕ ಬರೂದಿಲ್ಲ. ಮೈ ಒರಸೂದು ಬದಲಿ ಮಾಡಬಹುದು" ಎಂದಳು. ಒರೆಸುವುದು ಬಾಗಿಲ ಕಡೆಯ ಮಂಚದಿಂದ ಶುರುವಾಗುತ್ತಿತ್ತು, ಅಪ್ಪನದು ಕೊನೆಯ ಮಂಚ. ನಾಳೆಯಿಂದ ಈ ತುದಿಯಿಂದ ಬೇಗ ಶುರು ಮಾಡಿದರಾಯಿತು ಎಂದಳು. ಡಾಕ್ಟರು ಒಪ್ಪಿದರು. ಭಸ್ಮದ ಪುಡಿ, ಹೂವು, ಪತ್ರಿ, ಹೊರಗಿನ ನೀರು ಯಾವುದೂ ಒಳಗೆ ಬರಬಾರದು, ಒಬ್ಬರೇ ಬಂದು ಕೂಡಲೇ ಹೋಗಬೇಕು ಎಂದು ಹೇಳಿದರು. ಅವ್ವ ಎಲ್ಲಕ್ಕೂ ಹೂಂ ಎಂದಳು. ಅಂದು ಸಂಜೆ ನಳಿಗೆ ಹಾಕಿದರು, ಊಟ ಬೆಳಿಗ್ಗೆಯಿಂದ ಎಂದರು.

ಮೊದಲ ದಿನ ಅವಳು ಹಸಿರು ಗೌನು ಹಾಕಿಕೊಂಡು ಒಳಗೆ ಹೋದಳು. ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಕರಡಿಗೆಯನ್ನೂ ಲಿಂಗವನ್ನೂ ಸಿಸ್ಟರು ಸ್ಪಿರಿಟಿನಿಂದ ಒರೆಸಲು ಹೇಳಿದಾಗ, ಇವಕ್ಕೂ ಜಳಕ ಆಯಿತು ಎಂದಳಂತೆ ಅವ್ವ. ಒಂದು ತೊಡಕು ಮಾತ್ರ ಉಳಿದಿತ್ತು. ಲಿಂಗ ಇಡಬೇಕಾದದ್ದು ಎಡಗೈಯಲ್ಲಿ. ಅಪ್ಪನಿಗೆ ಆಡುತ್ತಿದ್ದದ್ದು ಅದೊಂದೇ ಕೈ. ಅರೆ ಎಚ್ಚರದಲ್ಲಿ ಆ ಕೈ ಮತ್ತೆ ಮತ್ತೆ ಮೂಗಿನ ನಳಿಗೆಯ ಕಡೆಗೇ ಹೋಗುತ್ತಿದ್ದುದರಿಂದ ಅದನ್ನು ಮೆತ್ತನೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ಬಿಚ್ಚಿದ ಕೂಡಲೇ ನಳಿಗೆ ಕಿತ್ತುಕೊಂಡರೆ ಮತ್ತೆ ಹಾಕಬೇಕು, ಆ ದಿನದ ಊಟವೂ ತಪ್ಪುತ್ತದೆ.

ಸಿಸ್ಟರು ಪಟ್ಟಿ ಬಿಚ್ಚಿ ಮಣಿಕಟ್ಟನ್ನು ಹಿಡಿದುಕೊಂಡಳು. ಅವ್ವ ಅಂಗೈ ಬಿಡಿಸಿ ಲಿಂಗ ಇಟ್ಟಳು. ಬೆರಳು ಮಡಚಿಕೊಂಡವು. ಹೆಬ್ಬೆರಳು ಮಾತ್ರ ಅದರ ಮೇಲೆ ನಿಧಾನಕ್ಕೆ ಆಡುತ್ತಿತ್ತು. ಕೈ ಮೂಗಿನ ಕಡೆ ಏಳಲಿಲ್ಲ. ಆಮೇಲೆ ಸಿಸ್ಟರು ಹೇಳಿದಳು, ಇಂಥವರಿಗೆ ಹಿಡಿದುಕೊಳ್ಳಲು ಬಟ್ಟೆಯ ಉಂಡೆ ಕೊಡುವುದುಂಟು, ಕೈಗೆ ಕೆಲಸ ಸಿಕ್ಕರೆ ಸುಮ್ಮನಿರುತ್ತದೆ ಎಂದು. ಅದು ನಿಜವೇ ಇರಬೇಕು. ನಾವೂ ವಾದ ಮಾಡಲಿಲ್ಲ.

ಅವ್ವ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡು ಮುಗಿಸಿದಳು. ಆಗ ಸಿಸ್ಟರು ನಳಿಗೆಗೆ ಸಿರಿಂಜು ಜೋಡಿಸಿ ಮೊದಲು ನೀರು ಬಿಟ್ಟಳು. ಅದೇನು ಎಂದು ಅವ್ವ ಕೇಳಿದ್ದಕ್ಕೆ, "ನಳಿಗಿ ತೊಳಿಯಾಕ್ರಿ. ಮೊದಲ ನೀರು, ಆಮ್ಯಾಲೆ ಊಟ" ಎಂದಳಂತೆ.

ಅಪ್ಪನ ಪೂಜೆಯೂ ಹಾಗೆಯೇ ಇತ್ತು. ಲಿಂಗದ ಮೇಲೆ ಎರೆದ ನೀರನ್ನು ತೀರ್ಥವೆಂದು ಮೊದಲು ತೆಗೆದುಕೊಳ್ಳುತ್ತಿದ್ದ, ಆಮೇಲೆ ಊಟ. ಈ ನೀರು ಲಿಂಗಕ್ಕೆ ಮುಟ್ಟಿದ್ದಲ್ಲ ಎಂದು ಅವ್ವನಿಗೂ ಗೊತ್ತು. ಆದರೂ ಹೊರಗೆ ಬಂದವಳ ಮುಖ ಬೇರೆಯಾಗಿತ್ತು. "ಇವರದೂ ನಮ್ಹಂಗ ಐತಿ. ಮೊದಲ ತೀರ್ಥ ಕೊಡ್ತಾರ" ಎಂದಳು. ಕರಡಿಗೆ ಅಪ್ಪನ ಹತ್ತಿರವೇ ಉಳಿದಿತ್ತು, ಅವಳ ಕೈ ಖಾಲಿ ಇತ್ತು. ಅಂದು ನಾನು ತಂದ ಚಹಾ ಕುಡಿದಳು, ಉಪ್ಪಿಟ್ಟು ತಿಂದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚು. ಅಪ್ಪನ ಹೊಟ್ಟೆ ಆಹಾರ ಹಿಡಿಯಿತು. ಮಂಚದ ತಲೆಯ ಕಡೆ ಎತ್ತರಿಸಿ, ಹಾಲಿನ ಬಣ್ಣದ ತಿಳಿ ಗಂಜಿಯಂಥದನ್ನು ಸಿಸ್ಟರು ಸಿರಿಂಜು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡುತ್ತಿದ್ದಳು. ಪ್ರಮಾಣ ಹೆಚ್ಚಿಸಿದ ದಿನ ಅವ್ವ ಬೆಂಚಿನ ಮೇಲಿದ್ದವರಿಗೆಲ್ಲ ಹೇಳುತ್ತಿದ್ದಳು. ಆ ಬೆಂಚಿನಲ್ಲಿ ನಮ್ಮವರ ಊಟ ಆಯಿತೇ, ನಿಮ್ಮವರದು ಆಯಿತೇ ಎಂಬುದೇ ಮಾತು. ಮಗನನ್ನು ಸೇರಿಸಿದ್ದ ದಾಂಡೇಲಿಯ ಹೆಂಗಸೊಬ್ಬಳು, ನಿಮ್ಮ ಯಜಮಾನರು ಗಡಿಯಾರದಂಥ ಮನುಷ್ಯರು ಎಂದು ಹೊಗಳಿದಳು.

"ಮನ್ಯಾಗ ಒಂದ್ ದಿನಾನೂ ಟೈಮಿಗಿ ಉಂಡಿಲ್ರಿ. ಇಲ್ಲಿ ಬಂದ್ ಕಲ್ತಾರ" ಎಂದಳು ಅವ್ವ. "ಉಪ್ಪು ಕಡಿಮಿ ಆಗೇತಿ ಅನ್ನೂದನ್ನೂ ಬಿಟ್ಟಾರ." ಇಬ್ಬರೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಒಮ್ಮೆ ನನ್ನನ್ನು ಒಳಗೆ ಬಿಟ್ಟಾಗ ಅಪ್ಪ ಕಣ್ಣು ತೆರೆದಿದ್ದ. ನನ್ನನ್ನು ನೋಡಿ, ತನ್ನ ಎಡಗೈಯನ್ನು ನೋಡಿಕೊಂಡ. ಅವ್ವ ಕಿವಿಯ ಹತ್ತಿರ ಬಗ್ಗಿ, ಪೂಜೆ ಆದ ಮೇಲೆಯೇ ಊಟ, ಒಂದು ದಿನವೂ ತಪ್ಪಿಲ್ಲ ಎಂದಳು. ಅಪ್ಪ ಕಣ್ಣು ಮುಚ್ಚಿ ತೆರೆದ. ಅದು ಉತ್ತರವೇ ಎಂದು ಅವಳು ಹೇಳುತ್ತಾಳೆ, ನಾನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಆಮೇಲೆ ಕಫ ಕಟ್ಟಿ ಜ್ವರ ಏರಿತು, ರಕ್ತದೊತ್ತಡ ಇಳಿಯಿತು. ಪ್ರತಿ ಊಟಕ್ಕೆ ಮೊದಲು ಸಿಸ್ಟರು ಸಿರಿಂಜಿನಿಂದ ಎಳೆದು ನೋಡುತ್ತಿದ್ದಳು. ಈಗ ಹಿಂದಿನ ಊಟ ಕರಗದೆ ಹಾಗೇ ಬರತೊಡಗಿತು. ಡಾಕ್ಟರು ಆಹಾರ ನಿಲ್ಲಿಸಿದರು, ಇನ್ನು ಹೆಚ್ಚು ಹೊತ್ತಿಲ್ಲ ಎಂದು ನಮಗೆ ಮೆಲ್ಲಗೆ ತಿಳಿಸಿದರು. ನನಗೆ ಅವ್ವನದೇ ಭಯ. ಊಟವೇ ಇಲ್ಲದ ಮೇಲೆ ಅವಳು ಏನು ಹಿಡಿದುಕೊಂಡು ಕೂರುತ್ತಾಳೆ ಎಂದು.

ಬೆಳಿಗ್ಗೆ ಅವಳು ಎಂದಿನಂತೆ ಗೌನು ಹಾಕಿಕೊಂಡಳು. ಅಂದು ನನ್ನನ್ನೂ ಬಿಟ್ಟರು. ಅಪ್ಪನ ಬೆರಳು ಮಡಚಲಿಲ್ಲ, ಅದಕ್ಕೆ ಅವಳು ತನ್ನ ಅಂಗೈಯನ್ನು ಅವನ ಅಂಗೈ ಕೆಳಗೆ ಕೊಟ್ಟು ಲಿಂಗ ಜಾರದಂತೆ ಹಿಡಿದಳು. ಪುಡಿ ಮಾಡಿದ ಮಾತ್ರೆಯೊಂದು ಕೊಡುವುದಿದೆ, ನೀರಂತೂ ಬಿಡಲೇಬೇಕು ಎಂದು ಸಿಸ್ಟರು ಹೇಳಿದಳು. ನೀರು ಸಿರಿಂಜಿನಲ್ಲಿ ನಿಂತು, ನಿಧಾನಕ್ಕೆ ಇಳಿದು ಹೋಯಿತು.

ಅವ್ವ ಕೊನೆಯ ಹನಿಯವರೆಗೆ ನೋಡಿದಳು. "ಇವತ್ತ ತೀರ್ಥ ಅಷ್ಟ ತಗೊಂಡಾರ. ಸಾಕ್ ಬಿಡ್ರಿ ಸಿಸ್ಟರ್" ಎಂದಳು.

ಮಧ್ಯಾಹ್ನ ಅಪ್ಪ ಹೋದ. ಸಿಸ್ಟರು ನಳಿಗೆ ತೆಗೆದು, ಮುಖ ಒರೆಸಿ, ನಮ್ಮನ್ನು ಒಳಗೆ ಕರೆದಳು. ಬೆಳಿಗ್ಗೆ ಇಟ್ಟ ಲಿಂಗ ಇನ್ನೂ ಅಂಗೈಯಲ್ಲೇ ಇತ್ತು. ಅದನ್ನು ತೆಗೆದುಕೊಡಲೇ ಎಂದು ಅವಳು ಕೇಳಿದಾಗ ಅವ್ವ ಬೇಡವೆಂದು ತಲೆಯಾಡಿಸಿದಳು. ನಮ್ಮಲ್ಲಿ ಅದು ಅವರ ಜೊತೆಯೇ ಮಣ್ಣಿಗೆ ಹೋಗುತ್ತದೆ ಎಂದು ನಾನು ಹೇಳಿದೆ. ಸಿಸ್ಟರು ಮಂಚಕ್ಕೆ ಕಟ್ಟುತ್ತಿದ್ದ ಆ ಮೆತ್ತನೆಯ ಪಟ್ಟಿಯನ್ನು ತಂದು, ಲಿಂಗ ದಾರಿಯಲ್ಲಿ ಬೀಳದಂತೆ, ಅಪ್ಪನ ಬೆರಳುಗಳನ್ನು ಮಡಚಿ ಸಡಿಲವಾಗಿ ಸುತ್ತಿದಳು.